ವಾಲಿಯ ಬೂದಿ ಮತ್ತು ಮೋರ್ಯರ ಮನೆ: ಸ್ಥಳಪುರಾಣಗಳನ್ನು ಕುರಿತು ಒಂದು ವಿಮರ್ಶೆ

ಸ್ಥಳಮಾಹಾತ್ಮ್ಯವೆಂಬ ಸಾಹಿತ್ಯಜಾತಿಯನ್ನು ನಮ್ಮ ವಿಮರ್ಶಕರು ಬಹುಮಟ್ಟಿಗೆ ಉಪೇಕ್ಷಿಸಿಕೊಂಡೇ ಬಂದಿದ್ದಾರೆ. ಕಾವ್ಯವೆಂದರೆ ಲಕ್ಷಣಗ್ರಂಥಗಳನ್ನು ಬಿಚ್ಚುತ್ತಾರೆ. ಶಾಸನವೆಂದರೆ ಕಾಲನಿರ್ಣಯಕ್ಕೆ ತೊಡಗುತ್ತಾರೆ. ದೇವಸ್ಥಾನದ ಮುಂದಣ ಅಂಗಡಿಯಲ್ಲಿ ಕುಂಕುಮದ ಪೊಟ್ಟಣಗಳ ಮಗ್ಗುಲಲ್ಲಿ ಮಾರಾಟಕ್ಕಿಟ್ಟಿರುವ ಕಿರುಹೊತ್ತಗೆಯನ್ನು ಮಾತ್ರ ಕೈಯಿಂದ ಮುಟ್ಟುವುದಿಲ್ಲ. ಆದರೆ ಪಂಪನನ್ನಾಗಲಿ ಕುಮಾರವ್ಯಾಸನನ್ನಾಗಲಿ ತೆರೆದು ನೋಡದ ಮನೆಯಲ್ಲಿಯೂ ದೇವರ ಗೂಡಿನ ಮೂಲೆಯಲ್ಲಿ ಈ ಹೊತ್ತಗೆಯೊಂದು ಇದ್ದೇ ಇರುತ್ತದೆ. ಮಕ್ಕಳು ಮೊದಲು ಓದುವ ಇತಿಹಾಸವೂ ಅನೇಕ ವೇಳೆ ಅದೇ. ಇಷ್ಟು ಜನರ ತಿಳಿವಳಿಕೆಯನ್ನು ರೂಪಿಸತಕ್ಕ ಬರವಣಿಗೆಯ ಗುಣದೋಷಗಳನ್ನು ವಿಚಾರಿಸದೆ ಬಿಡುವುದು ಉಚಿತವಲ್ಲ. ಸ್ಥಾಲೀಪುಲಾಕ ನ್ಯಾಯದಂತೆ ಇಲ್ಲಿ ಕಿಷ್ಕಿಂಧಾ ಕ್ಷೇತ್ರವೊಂದನ್ನೇ ತೆಗೆದುಕೊಂಡು ನೋಡೋಣ.

ಈ ಕ್ಷೇತ್ರದ ಯಾತ್ರೆಯು ಮೂಲತಃ ಕಾಲ್ನಡಿಗೆಯದು. ಆನೆಗೊಂದಿಯ ಕಡೆಯಲ್ಲಿ ಯಾತ್ರಿಕನು ಪಂಪಾಸರೋವರದಲ್ಲಿ ಮಿಂದು, ಶಬರಿಯ ಗುಹೆಯನ್ನು ಕಂಡು, ಅಂಜನಾದ್ರಿಯ 575 ಮೆಟ್ಟಿಲುಗಳನ್ನು ಹತ್ತಿ ಇಳಿಯುತ್ತಾನೆ. ಚಿಂತಾಮಣಿಯಲ್ಲಿ ಶ್ರೀರಾಮನು ಮರೆಯಾಗಿ ನಿಂತು ಬಾಣ ಬಿಟ್ಟನೆಂಬ ತಾಣವನ್ನು ನೋಡುತ್ತಾನೆ. ತುಂಗಭದ್ರೆಯನ್ನು ದಾಟಿದರೆ ಸುಗ್ರೀವನ ಗವಿ, ಬಂಡೆಯ ಮೇಲೆ ಸೀತೆಯ ಸೆರಗಿನ ಗುರುತು, ಸುಗ್ರೀವನಿಗೆ ಪಟ್ಟವಾಯಿತೆನ್ನುವ ಚಕ್ರತೀರ್ಥದ ಕೋದಂಡರಾಮ, ಮತಂಗ ಪರ್ವತ, ಮಳೆಗಾಲದ ನಾಲ್ಕು ತಿಂಗಳು ರಾಮನು ಕಾದಿದ್ದನೆನ್ನುವ ಮಾಲ್ಯವಂತ ಇವೆಲ್ಲ ಇವೆ. ಮಾರ್ಗಶಿರದಲ್ಲಿ ಹನುಮಮಾಲೆ ಧರಿಸಿದವರು ಸಾವಿರಗಟ್ಟಲೆ ಬಂದು ಅಂಜನಾದ್ರಿಯಲ್ಲಿ ಮಾಲೆಯನ್ನು ವಿಸರ್ಜಿಸುವುದನ್ನು ಈಚಿನವರು ಬಲ್ಲರು. ಒಂದು ಕಾವ್ಯದ ಒಂದು ಕಾಂಡವನ್ನು ಹೀಗೆ ಬೆಟ್ಟ ಬಂಡೆಗಳ ಮೇಲೆ ಹಾಸಿ, ಓದುವ ಬದಲು ನಡೆದು ತಿಳಿಯುವಂತೆ ಮಾಡಿದ ಜನರ ಕಲ್ಪನಾಶಕ್ತಿಯನ್ನು ಸಾಮಾನ್ಯವೆನ್ನಲಾಗದು. ಅಕ್ಷರ ಬಾರದ ಮುದುಕಿಯೊಬ್ಬಳು ಎರಡು ದಿನ ನಡೆದು ಕಿಷ್ಕಿಂಧಾಕಾಂಡವನ್ನು ಮುಗಿಸಬಲ್ಲಳು.

ಈ ಮಾರ್ಗದಲ್ಲಿ, ವಿಠಲಾಲಯದ ಪೂರ್ವ ದಿಕ್ಕಿನಲ್ಲಿ, ನಿಂಬಾಪುರವೆಂಬ ಚಿಕ್ಕ ಗ್ರಾಮವಿದೆ. ಹಿಂದೆ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಈ ಪ್ರದೇಶವು 2021ರಿಂದ ವಿಜಯನಗರ ಜಿಲ್ಲೆಗೆ ಸೇರಿರುತ್ತದೆ. ಗ್ರಾಮದ ಸಮೀಪದಲ್ಲಿ ಬೂದಿಯ ದೊಡ್ಡ ದಿಬ್ಬವೊಂದು ಉಂಟು. ಇಂಥ ದಿಬ್ಬದಲ್ಲಿ ಮೆತ್ತಗೆ ಉದುರುವ ಬೂದುಬಣ್ಣದ ಬೂದಿಯಿರುತ್ತದೆ. ನಡುನಡುವೆ ಕಮ್ಮಾರನ ಕುಲುಮೆಯ ಕಿಟ್ಟದಂತೆ ಕರಗಿ ಗಾಜಾಗಿ ಗಟ್ಟಿಯಾದ ಗಂಟುಗಳೂ ಇರುತ್ತವೆ. ವಾಲಿಯನ್ನು ದಹನ ಮಾಡಿದ ಸ್ಥಳವೇ ಇದೆಂದು ಜನರು ಹೇಳುತ್ತಾರೆ. 1917ರಲ್ಲಿ ಹಂಪೆಯ ಹಾಳುಗಳನ್ನು ಕುರಿತು ಪುಸ್ತಕ ಬರೆದ ಲಾಂಗ್‌ಹರ್ಸ್ಟ್ ಸಾಹೇಬರೂ ಈ ನಂಬಿಕೆಯನ್ನು ಬರೆದಿಟ್ಟಿದ್ದಾರೆ.

ಇನ್ನು ಪ್ರಾಕ್ತನ ವಿದ್ವಾಂಸರು ಹೇಳುವುದೇನು? ಬಳ್ಳಾರಿ, ರಾಯಚೂರು ಸೀಮೆಗಳಲ್ಲಿ ಇಂಥ ಬೂದಿದಿಬ್ಬಗಳು ಅನೇಕವಾಗಿವೆ. ಕ್ಯಾಪ್ಟನ್ ನ್ಯೂಬೋಲ್ಡರು 1840ರ ದಶಕದಲ್ಲಿಯೇ ಇವುಗಳ ವಿಷಯವಾಗಿ ಬರೆದರು. ಅಲ್ಲಿಂದ ಮುಂದೆ ನೂರು ವರ್ಷಗಳ ಕಾಲ ನಡೆದ ವಾದವು ಸ್ವಾರಸ್ಯವಾಗಿದೆ. ಇದು ಜ್ವಾಲಾಮುಖಿಯ ಉಗುಳೆಂದು ಒಬ್ಬರು, ಕಬ್ಬಿಣ ಕರಗಿಸಿದ ಕಿಟ್ಟವೆಂದು ಇನ್ನೊಬ್ಬರು, ಇಟ್ಟಿಗೆಯ ಆವಿಗೆಯೆಂದು ಮತ್ತೊಬ್ಬರು, ಮಹಾಯಜ್ಞದ ಅಥವಾ ಸಾಮೂಹಿಕ ದಹನದ ಶೇಷವೆಂದು ಬೇರೆಯವರು ಊಹಿಸಿದರು. ನಮ್ಮ ಹಳ್ಳಿಯವರು ರಾಕ್ಷಸನ ಬೂದಿಯೆಂದರೆ ನಕ್ಕವರು ತಾವು ಜ್ವಾಲಾಮುಖಿಯನ್ನು ತಂದು ನಿಲ್ಲಿಸಿದರು! ಇದು ದನದ ಸಗಣಿ ಸುಟ್ಟ ಬೂದಿಯೆಂದು ರಾಬರ್ಟ್ ಬ್ರೂಸ್ ಫೂಟರು ವಾದಿಸಿದರು. 1957ರಲ್ಲಿ ರೇಮಂಡ್ ಆಲ್ಚಿನ್ನರು ಈಗಿನ ತೆಲಂಗಾಣಕ್ಕೆ ಸೇರಿದ ಉಟ್ನೂರಿನಲ್ಲಿ ಅಗೆದಾಗ ಬೂದಿಯ ಪದರಗಳ ನಡುವೆ ದನಗಳ ಗೊರಸಿನ ಗುರುತುಗಳೂ ದೊಡ್ಡಿಯ ಸುತ್ತ ನೆಟ್ಟ ಮರದ ಗೂಟಗಳ ಕುಳಿಗಳೂ ಕಂಡುಬಂದವು. 1960ರಲ್ಲಿ ಜೂಯ್ನರ್ ಎಂಬ ಪಂಡಿತರು ರಾಸಾಯನಿಕ ಪರೀಕ್ಷೆಯಿಂದಲೂ ಫೂಟರ ಮಾತೇ ಸರಿಯೆಂದು ತೋರಿಸಿದರು. ಕಬ್ಬಿಣವಿನ್ನೂ ಬಳಕೆಗೆ ಬಾರದ, ಕಲ್ಲಿನ ಕೊಡಲಿಯನ್ನು ನುಣುಪಾಗಿ ಉಜ್ಜಿ ಬಳಸುತ್ತಿದ್ದ ನವಶಿಲಾಯುಗದ ಗೋಪಾಲಕರು ಇಂದಿಗೆ ಸುಮಾರು ನಾಲ್ಕೈದು ಸಾವಿರ ವರ್ಷಗಳ ಹಿಂದೆ ತಮ್ಮ ದೊಡ್ಡಿಗಳಲ್ಲಿ ಕೂಡಿದ ಸಗಣಿಯ ರಾಶಿಗೆ ಮತ್ತೆ ಮತ್ತೆ ಬೆಂಕಿಯಿಟ್ಟುದರಿಂದ ಈ ದಿಬ್ಬಗಳು ಬೆಳೆದವೆಂಬುದು ಈಗ ವಿದ್ವಾಂಸರಲ್ಲಿ ನೆಲೆಗೊಂಡಿರುವ ಅಭಿಪ್ರಾಯ. ಏತಕ್ಕಾಗಿ ಬೆಂಕಿಯಿಟ್ಟರೆಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯವುಂಟು. ಸುರಪುರ ಸೀಮೆಯ ಬೂದಿಹಾಳದಲ್ಲಿ ವರ್ಷಗಟ್ಟಲೆ ಅಗೆಸಿದ ಕೆ. ಪದ್ದಯ್ಯನವರು ದೊಡ್ಡಿಯ ಮಗ್ಗುಲಲ್ಲಿಯೇ ಜನವಸತಿಯಿದ್ದುದನ್ನೂ ಕಂಡಿದ್ದಾರೆ. ಬೂದಿಹಾಳು ಎಂಬ ಊರ ಹೆಸರನ್ನು ವಾಚಕರು ಗಮನಿಸಬೇಕು. ಬೂದಿಯೆಂದು ಕರೆದವರು ಯಾರೋ, ಅವರು ಯಾವ ಪರೀಕ್ಷೆಯೂ ಇಲ್ಲದೆ ಸರಿಯಾಗಿಯೇ ಕರೆದರು.

ಪುರಾಣವನ್ನು ಅಗೆತದಿಂದ ಅಳೆಯುವುದು ನ್ಯಾಯವೇ ಎಂದು ಯಾರಾದರೂ ಕೇಳಬಹುದು. ಅಗೆತವು ಹಾಗಿರಲಿ, ಪುರಾಣವನ್ನು ಮೊದಲು ಅದರ ಮೂಲಗ್ರಂಥದಿಂದಲೇ ಅಳೆಯೋಣ. ವಾಲಿಯ ಅಂತ್ಯಕ್ರಿಯೆಯನ್ನು ಆದಿಕವಿಯು ಕಿಷ್ಕಿಂಧಾಕಾಂಡದ 25ನೆಯ ಸರ್ಗದಲ್ಲಿ ವಿಸ್ತಾರವಾಗಿಯೇ ವರ್ಣಿಸಿದ್ದಾನೆ. ಶಿಬಿಕೆಯನ್ನು ತರಿಸುತ್ತಾರೆ, ಅಂಗದ ಸುಗ್ರೀವರು ದೇಹವನ್ನು ಅದರಲ್ಲಿರಿಸಿ ಕೊಂಡೊಯ್ಯುತ್ತಾರೆ, ಬೆಟ್ಟದ ಹೊಳೆಯ ನಡುವೆ, ಸುತ್ತಲೂ ನೀರಿರುವ ಏಕಾಂತವಾದ ಮರಳುದಿಣ್ಣೆಯಲ್ಲಿ ಚಿತೆಯನ್ನು ಒಟ್ಟುತ್ತಾರೆ, ಅಂಗದನು ಅಗ್ನಿಯಿಟ್ಟು ಅಪ್ರದಕ್ಷಿಣವಾಗಿ ಬಂದು, ಎಲ್ಲರೂ ತರ್ಪಣವನ್ನು ಕೊಡುತ್ತಾರೆ. ಇಲ್ಲಿ ಎರಡು ಮಾತುಗಳು ವಿಚಾರಾರ್ಹ. ಮರಳುದಿಣ್ಣೆಯ ಮೇಲಣ ಬೂದಿಯು ತುಂಗಭದ್ರೆಯ ಮೊದಲ ಪ್ರವಾಹಕ್ಕೇ ಕೊಚ್ಚಿಹೋಗತಕ್ಕದ್ದು. ನಿಂಬಾಪುರದ ದಿಬ್ಬವಾದರೋ ಒಣನೆಲದ ಮೇಲೆ ನಿಂತಿದೆ. ಚಿತೆಯು ಒಂದು, ಉರಿದದ್ದು ಒಂದೇ ಸಾರಿ; ಬೂದಿದಿಬ್ಬಗಳಾದರೋ ಪದರದ ಮೇಲೆ ಪದರವಾಗಿ, ಅನೇಕ ವರ್ಷಗಳ ಅನೇಕ ಬೆಂಕಿಗಳಿಂದ ಬೆಳೆದವು. ವಾಲಿಯ ದೇಹವು ಪರ್ವತೋಪಮವಾಗಿತ್ತೆಂದು ಹೇಳಿ ರಾಶಿಯ ಪರಿಮಾಣವನ್ನೇನೋ ಸಮರ್ಥಿಸಬಹುದು, ಪದರಗಳನ್ನು ಸಮರ್ಥಿಸಲಾಗದು. ಹೀಗೆ ಈ ದಿಬ್ಬವು ವಾಲಿಯ ಚಿತೆಯಲ್ಲವೆಂದು ಹೇಳುವುದಕ್ಕೆ ಸಾಹೇಬರ ಸಹಾಯವೇ ಬೇಕಾಗಿಲ್ಲ; ವಾಲ್ಮೀಕಿಯೇ ಸಾಕು.

ಕನ್ನಡ ಸಾಹಿತ್ಯವನ್ನು ಬಲ್ಲವರಿಗೆ ಇನ್ನೊಂದು ತೊಡಕುಂಟು. ನಾಗಚಂದ್ರನ ರಾಮಚಂದ್ರಚರಿತಪುರಾಣದಲ್ಲಿ ವಾಲಿಯು ರಾಮನ ಬಾಣಕ್ಕೆ ಬೀಳುವುದೇ ಇಲ್ಲ. ರಾಜ್ಯವನ್ನು ಸುಗ್ರೀವನಿಗೆ ಬಿಟ್ಟು ಜಿನದೀಕ್ಷೆಯನ್ನು ವಹಿಸುತ್ತಾನೆ. ನಾಗಚಂದ್ರನ ಓದುಗನು ನಿಂಬಾಪುರಕ್ಕೆ ಬಂದರೆ ಯಾರ ಬೂದಿಯನ್ನು ನೋಡಬೇಕು? ಮಹಾ ಜೈನತೀರ್ಥವೆನಿಸಿದ್ದ ಕೊಪಣವು, ಎಂದರೆ ಇಂದಿನ ಕೊಪ್ಪಳವು, ಇಲ್ಲಿಂದ ಬಹು ದೂರವೇನೂ ಅಲ್ಲ. ಒಂದೇ ನೆಲದ ಮೇಲೆ ಎರಡು ರಾಮಾಯಣಗಳು ನಡೆದಾಡಿದವು. ಒಂದು ಬೂದಿಯನ್ನು ತನ್ನದೆಂದಿತು, ಇನ್ನೊಂದಕ್ಕೆ ಬೂದಿಯ ಅಗತ್ಯವೇ ಬೀಳಲಿಲ್ಲ. ಕಿಷ್ಕಿಂಧೆಯ ಕೈಪಿಡಿಗಳನ್ನು ಬರೆಯುವವರು ಈ ವಿಷಯವನ್ನು ಎತ್ತಿದ್ದನ್ನು ನಾವು ಕಂಡಿಲ್ಲ.

ಹಾಗಾದರೆ ಸ್ಥಳಪುರಾಣವು ಸುಳ್ಳೇ? ಮೀಮಾಂಸೆಯ ಆರಂಭದ ಪಾಠಗಳನ್ನು ಓದಿದವರು ಈ ಪ್ರಶ್ನೆಯನ್ನು ಹೀಗೆ ಕೇಳುವುದಿಲ್ಲ. ವೇದವಾಕ್ಯಗಳಲ್ಲಿಯೇ ವಿಧಿಯೆಂದೂ ಅರ್ಥವಾದವೆಂದೂ ಭೇದವುಂಟು. ಮಾಡತಕ್ಕದ್ದನ್ನು ಹೇಳುವುದು ವಿಧಿ. ಅದರಲ್ಲಿ ಪ್ರವೃತ್ತಿ ಹುಟ್ಟುವಂತೆ ಹೊಗಳುವುದು ಅರ್ಥವಾದ. ಯೂಪವನ್ನು ಸೂರ್ಯನೆಂದು ಕರೆದಲ್ಲಿ, ಮರದ ಕಂಬವು ಆಕಾಶದ ಸೂರ್ಯನಲ್ಲವೆಂಬುದನ್ನು ಪ್ರತ್ಯಕ್ಷವೇ ತಿಳಿಸುತ್ತಿರುವುದರಿಂದ, ಆ ಮಾತು ಗುಣವಾದ. ಅದರ ತಾತ್ಪರ್ಯವು ಕಂಬದ ಹೊಳಪಿನಲ್ಲಿ. ಬೇರೆ ಪ್ರಮಾಣದಿಂದ ತಿಳಿದದ್ದನ್ನೇ ಮತ್ತೆ ಹೇಳಿದರೆ ಅನುವಾದ. ವಿರೋಧವೂ ಇಲ್ಲದೆ, ಬೇರೆ ಕಡೆಯಿಂದ ತಿಳಿದದ್ದೂ ಆಗದಿದ್ದರೆ ಭೂತಾರ್ಥವಾದ. ನಮ್ಮ ಹಿರಿಯರು ಈ ಮೂರನ್ನೂ ಎಷ್ಟು ಜಾಗರೂಕತೆಯಿಂದ ಬೇರ್ಪಡಿಸಿದರೆಂಬುದನ್ನು ನೆನೆದರೆ, ಪುರಾಣವೆಂದರೆ ಕಣ್ಣುಮುಚ್ಚಿ ನಂಬತಕ್ಕದ್ದೆಂಬ ಭಾವನೆಯೇ ಹೊಸದೆಂದು ತೋರುತ್ತದೆ. ನಿಂಬಾಪುರದ ಮಾತು ಗುಣವಾದ. ಅದರ ತಾತ್ಪರ್ಯವು ಬೂದಿಯ ಉತ್ಪತ್ತಿಯಲ್ಲಿಲ್ಲ. ನಡೆಯುತ್ತ ಬಂದ ಯಾತ್ರಿಕನು ವೀರನೊಬ್ಬನ ಸಾವಿನ ಮುಂದೆ ಒಂದು ಗಳಿಗೆ ನಿಲ್ಲಬೇಕು, ಮರೆಯಿಂದ ಬಿಟ್ಟ ಬಾಣದ ನ್ಯಾಯಾನ್ಯಾಯಗಳನ್ನು ನೆನೆಯಬೇಕು, ತಾರೆಯ ಅಳಲು ಕೇಳಿಸಬೇಕು ಎಂಬುದರಲ್ಲಿದೆ.

ಹಳೆಯ ಮಾಹಾತ್ಮ್ಯಗಳು ಈ ಮೇರೆಯನ್ನು ದಾಟಲಿಲ್ಲ. ಪಂಪಾಮಾಹಾತ್ಮ್ಯದಂಥ ಗ್ರಂಥವು ತನ್ನನ್ನು ಸ್ಕಾಂದಕ್ಕೆ ಸೇರಿಸಿಕೊಳ್ಳುತ್ತದೆ, ತೀರ್ಥಗಳನ್ನು ಹೊಗಳುತ್ತದೆ, ಫಲಶ್ರುತಿಯನ್ನು ಹೇಳುತ್ತದೆ. ರಸಾಯನಶಾಸ್ತ್ರದ ಸಾಕ್ಷ್ಯವನ್ನು ಕೇಳುವುದಿಲ್ಲ. ಈಚಿನ ಕೈಪಿಡಿಗಳಾದರೋ ಈ ಮರ್ಯಾದೆಯನ್ನು ಮೀರಿವೆ. ಬೂದಿಯು ಸಾವಿರಾರು ವರ್ಷ ಹಳೆಯದೆಂದು ವಿಜ್ಞಾನಿಗಳು ಹೇಳಿದ್ದರಲ್ಲಿ ಅರ್ಧವನ್ನು ಮಾತ್ರ ತೆಗೆದುಕೊಂಡು, ಅದು ಸಗಣಿಯ ಬೂದಿಯೆಂಬ ಉಳಿದರ್ಧವನ್ನು ನುಂಗಿಕೊಂಡು, ವಿಜ್ಞಾನವೂ ಪುರಾಣವನ್ನು ಒಪ್ಪಿತೆಂದು ಸಾರುವುದು ಅರ್ಧಜರತೀಯ ನ್ಯಾಯ. ಇದರಿಂದ ವಿಜ್ಞಾನಕ್ಕಿಂತ ಹೆಚ್ಚಿನ ಹಾನಿ ಪುರಾಣಕ್ಕೇ ಆಗುತ್ತದೆ. ಅರ್ಥವಾದವನ್ನು ಪ್ರಮಾಣದ ಕಟಕಟೆಯಲ್ಲಿ ನಿಲ್ಲಿಸಿದವರು ಅದು ಸೋಲುವ ದಿನಕ್ಕೂ ಸಿದ್ಧರಾಗಿರಬೇಕು. ಹನುಮಂತನ ಜನ್ಮಸ್ಥಳವು ಅಂಜನಾದ್ರಿಯೋ ತಿರುಮಲೆಯೋ ಎಂದು 2021ರಲ್ಲಿ ಎದ್ದ ವಿವಾದವು ಈ ರೋಗದ ಲಕ್ಷಣವೇ ಸರಿ. ಭಕ್ತಿಯು ಎರಡು ಕಡೆಯೂ ಇರಬಲ್ಲದು. ದಾಖಲೆಯನ್ನು ಹಿಡಿದು ವಾದಿಸಲು ಹೊರಟ ಮೇಲೆ ಒಬ್ಬರು ಸೋಲಲೇಬೇಕು.

ಪ್ರಮಾಣ ವಿಚಾರವು ರಾಮಾಯಣಕ್ಕೆ ಹೊರಗಿನದೂ ಅಲ್ಲ. ಮಹಿಷರೂಪಿಯಾದ ದುಂದುಭಿಯ ಅಸ್ಥಿಪಂಜರವನ್ನು ರಾಮನು ಕಾಲಿನ ಹೆಬ್ಬೆರಳಿನಿಂದ ಹತ್ತು ಯೋಜನ ದೂರಕ್ಕೆ ಎಸೆದಾಗ ಸುಗ್ರೀವನು ಕೈಮುಗಿದು ಸುಮ್ಮನಾಗುವುದಿಲ್ಲ. ವಾಲಿಯು ಎಸೆದಾಗ ಇದು ಹಸಿಯ ಮಾಂಸದಿಂದ ತುಂಬಿದ ದೇಹವಾಗಿತ್ತು, ಈಗ ಒಣಗಿ ಹಗುರವಾಗಿದೆ, ಆದ ಕಾರಣ ಇದರಿಂದ ಇಬ್ಬರ ಬಲದ ತಾರತಮ್ಯವು ತಿಳಿಯದು ಎಂದು ಸಾಕ್ಷಾತ್ ರಾಮನೆದುರಿಗೇ ಆಕ್ಷೇಪಣೆ ಮಾಡುತ್ತಾನೆ. ರಾಮನು ಕೋಪಿಸಿಕೊಳ್ಳದೆ ಸಾಲವೃಕ್ಷಗಳನ್ನು ಭೇದಿಸಿ ಬೇರೆ ಪ್ರಮಾಣವನ್ನು ಕೊಡುತ್ತಾನೆ. ಕಿಷ್ಕಿಂಧೆಯ ಮೊದಲ ವಿಮರ್ಶಕನು ಸುಗ್ರೀವನೇ. ಅವನ ಕ್ಷೇತ್ರದಲ್ಲಿ ಪ್ರಶ್ನೆ ಕೇಳುವುದು ಅಪಚಾರವೆಂದು ತಿಳಿಯುವವರು ಅವನ ಕಥೆಯನ್ನೇ ಸರಿಯಾಗಿ ಓದಿಲ್ಲ.

ಎದುರು ಪಕ್ಷದ ದೋಷವನ್ನೂ ಹೇಳಬೇಕು. ಆಂಗ್ಲ ವಿದ್ಯೆಯ ಕೆಲವರು, ವಾಲಿಯ ಬೂದಿಯೆಂದು ಪೂಜಿಸುವುದು ಬರಿಯ ಸಗಣಿಯನ್ನು ಎಂದು ಬರೆದು ನಗೆಯಾಡುತ್ತಾರೆ. ಹಣೆಯ ವಿಭೂತಿಯು ಯಾವುದರಿಂದ ಆಗುತ್ತದೆಂಬುದು ಅವರಿಗೆ ತಿಳಿಯದು. ಗೋಮಯವನ್ನು ಸುಟ್ಟ ಭಸ್ಮವೆಂಬುದು ಈ ನೆಲದಲ್ಲಿ ನಿಂದೆಯ ಮಾತಲ್ಲ. ಹಾಗೆಂದು, ನವಶಿಲಾಯುಗದವರು ವಿಭೂತಿಯನ್ನೇ ಮಾಡುತ್ತಿದ್ದರೆಂದು ನಾಳೆ ಯಾರಾದರೂ ಕೈಪಿಡಿಯಲ್ಲಿ ಅಚ್ಚು ಹಾಕಿಸಿದರೆ ಅದಕ್ಕೆ ನಾವು ಹೊಣೆಯಲ್ಲ! ಆಲ್ಚಿನ್ನರಾದರೋ ಈ ವಿಷಯದಲ್ಲಿ ನಗಲಿಲ್ಲ. ಕಾಲಕಾಲಕ್ಕೆ ಎದ್ದ ಈ ಬೆಂಕಿಗಳಿಗೂ ಹೋಳಿ, ದೀಪಾವಳಿ, ಸಂಕ್ರಾಂತಿಗಳ ಬೆಂಕಿಗಳಿಗೂ ಸಂಬಂಧವಿರಬಹುದೆಂದು ಸೂಚಿಸಿದರು. ನಮ್ಮ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಸಂಕ್ರಾಂತಿಯ ಸಂಜೆ ದನಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಕಿಚ್ಚು ಹಾಯಿಸುವುದನ್ನು ನೋಡಿದವರಿಗೆ ಈ ಊಹೆಯು ಅಸಂಬದ್ಧವೆನಿಸದು. ಇದನ್ನು ಸಿದ್ಧಾಂತವೆನ್ನಲಾಗದು; ಸಂಭಾವನೆಯೆನ್ನಬಹುದು. ಆದರೂ ಹುಲ್ಲಿನ ಬೆಂಕಿಯನ್ನು ಹಾರಿ ಓಡುವ ಹೋರಿಯ ಹಿಂದೆ ನಾಲ್ಕು ಸಾವಿರ ವರ್ಷಗಳು ಓಡುತ್ತಿರಬಹುದೆಂಬ ಭಾವನೆಯಲ್ಲಿ, ಒಬ್ಬ ವಾನರರಾಜನ ಚಿತೆಯಲ್ಲಿರುವುದಕ್ಕಿಂತ ಕಡಿಮೆಯ ಅದ್ಭುತವಿಲ್ಲ.

ವಿಷಯವು ಬರಿಯ ಪಾಂಡಿತ್ಯದ್ದೂ ಅಲ್ಲ. ಬೂದಿಯು ಹೊಲಕ್ಕೆ ಒಳ್ಳೆಯ ಗೊಬ್ಬರ. ಅನೇಕ ಊರುಗಳಲ್ಲಿ ರೈತರು ಬೂದಿದಿಬ್ಬಗಳನ್ನು ಗಾಡಿಗಟ್ಟಲೆ ಅಗೆದು ಸಾಗಿಸಿದ್ದಾರೆ. ರಸ್ತೆಯ ಕೆಲಸಕ್ಕೂ ಕೆಲವು ತುತ್ತಾಗಿವೆ. ಅವರನ್ನು ದೂರುವುದು ಸಲ್ಲದು. ಸಗಣಿಯ ಬೂದಿಯೆಂದು ಹೇಳಿದ ಮೇಲೆ ಅದನ್ನು ಹೊಲಕ್ಕೆ ಹಾಕಬಾರದೆಂಬುದಕ್ಕೆ ಅವರಿಗೆ ಯಾವ ಕಾರಣವನ್ನು ಕೊಟ್ಟಿದ್ದೇವೆ? ವಾಲಿಯ ಹೆಸರಿರುವಲ್ಲಿ ಗುದ್ದಲಿಯೆತ್ತಿದ ಕೈ ಒಂದು ಸಾರಿ ಹಿಂಜರಿಯುತ್ತದೆ. ಕಥೆಯನ್ನು ಅಳಿಸಿ ಅದರ ಜಾಗದಲ್ಲಿ ಏನನ್ನೂ ಇಡದೆ ಹೋಗುವ ವಿದ್ಯೆಯು ಕೊನೆಗೆ ದಿಬ್ಬವನ್ನೂ ಅಳಿಸುತ್ತದೆ. ಆದುದರಿಂದ ಕೈಪಿಡಿಯ ಲೇಖಕನು ಎರಡನ್ನೂ ಹೇಳಬೇಕು. ಜನರು ಇದನ್ನು ವಾಲಿಯ ದಹನಸ್ಥಳವೆನ್ನುತ್ತಾರೆ. ಶೋಧಕರು ಇದನ್ನು ಈ ನಾಡಿನಲ್ಲಿ ಮೊದಲು ದನ ಸಾಕಿದವರ ದೊಡ್ಡಿಯ ಬೂದಿಯೆನ್ನುತ್ತಾರೆ. ಎರಡು ವಾಕ್ಯಗಳು. ಅಚ್ಚಿನ ವೆಚ್ಚವೇನೂ ಹೆಚ್ಚಾಗದು.

ಕಥೆಯು ಎಲ್ಲಿಲ್ಲವೋ ಅಲ್ಲಿ ಏನಾಗುತ್ತದೆಂಬುದಕ್ಕೆ ಹಿರೇಬೆಣಕಲ್ಲನ್ನು ನೋಡಬೇಕು. ಈ ಗ್ರಾಮವು ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನದು. ಅಂಜನಾದ್ರಿಗೆ ಬಂದವರು ಇಲ್ಲಿಗೆ ಬರುವುದು ಕಷ್ಟವಲ್ಲ; ಬರುವವರು ಮಾತ್ರ ವಿರಳ. ಊರ ಹಿಂದಣ ಬೆಟ್ಟವನ್ನು ಕಾಲ್ನಡಿಗೆಯಲ್ಲಿ ಹತ್ತಿದರೆ ಸುಮಾರು 400 ಶಿಲಾಸ್ಮಾರಕಗಳು ಕಾಣಸಿಗುತ್ತವೆ. ನಾಲ್ಕು ಕಡೆ ಬಂಡೆಯ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಭಾರಿ ಚಪ್ಪಡಿಯನ್ನು ಹೊದಿಸಿದ ಕಲ್ಮನೆಗಳು ಅವು. ಕೆಲವು ಆಳೆತ್ತರವನ್ನೂ ಮೀರಿವೆ. ಹಲವಕ್ಕೆ ಒಂದು ಚಪ್ಪಡಿಯಲ್ಲಿ ದುಂಡಾದ ಕಂಡಿಯನ್ನು ಕೊರೆದಿದ್ದಾರೆ. ಕ್ರಿಸ್ತಪೂರ್ವ ಒಂದನೆಯ ಸಹಸ್ರಮಾನದಲ್ಲಿ, ಕಬ್ಬಿಣವನ್ನು ಬಲ್ಲ ಜನರು, ಸತ್ತವರಿಗಾಗಿ ಅಥವಾ ಅವರ ನೆನಪಿಗಾಗಿ ಇವನ್ನು ಕಟ್ಟಿದರು. ನಮ್ಮವರೇ ಆದ ಅ. ಸುಂದರರು 1975ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ದಕ್ಷಿಣದ ಇಂಥ ಕೋಣೆಗೋರಿಗಳನ್ನು ವಿಸ್ತಾರವಾಗಿ ವಿಚಾರಿಸಿದ್ದಾರೆ. 2021ರಲ್ಲಿ ಈ ಸ್ಥಳವು ಯುನೆಸ್ಕೋದ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಗೂ ಸೇರಿತು. ಹೀಗಿದ್ದರೂ ಕಿಷ್ಕಿಂಧೆಯ ಕೈಪಿಡಿಗಳಲ್ಲಿ ಇದರ ಹೆಸರಿಗೆ ಎಡೆಯಿಲ್ಲ. ರಾಮಾಯಣದ ಯಾವ ಪ್ರಸಂಗವೂ ಇಲ್ಲಿ ನಡೆಯಲಿಲ್ಲವಷ್ಟೆ! ನಿಧಿಯ ಆಸೆಯವರು ಮಾತ್ರ ಕೈಪಿಡಿಗೆ ಕಾಯದೆ ಬಂದು ಚಪ್ಪಡಿಗಳನ್ನು ಉರುಳಿಸಿ ಹೋಗಿದ್ದಾರೆ.

ಹಳ್ಳಿಯವರಿಗೆ ಇದು ಮೋರ್ಯರ ಗುಡ್ಡ. ಮೋರ್ಯರೆಂದರೆ ಹಿಂದೆ ಇಲ್ಲಿದ್ದ, ಕುಳ್ಳರಾದರೂ ಬಂಡೆಯನ್ನೆತ್ತಬಲ್ಲ ಬಲವುಳ್ಳ ಜನರಂತೆ. ಈ ಕಥೆಯು ಬರಿಯ ಹರಟೆಯಲ್ಲ, ಒಂದು ಅನುಮಾನ: ಬಾಗಿಲು ಚಿಕ್ಕದು, ಆದ್ದರಿಂದ ಒಳಗಿದ್ದವರು ಚಿಕ್ಕವರು, ಕಲ್ಲು ದೊಡ್ಡದು, ಆದ್ದರಿಂದ ಎತ್ತಿದವರು ಬಲಶಾಲಿಗಳು. ಅನುಮಾನದ ರೂಪವು ಸರಿಯಾಗಿಯೇ ಇದೆ. ವ್ಯಾಪ್ತಿಯು ಮಾತ್ರ ನಿಲ್ಲದು. ಗರ್ಭಗುಡಿಯ ಬಾಗಿಲಿಗೆ ನಾವು ತಲೆ ಬಾಗಿಸುತ್ತೇವೆ; ಅದರಿಂದ ಒಳಗಿನ ದೇವರು ಕುಳ್ಳನೆಂದು ಸಿದ್ಧವಾಗುವುದಿಲ್ಲ. ಆದರೂ ಕಂಡದ್ದರಿಂದ ಕಾಣದ್ದನ್ನು ಊಹಿಸಿದ ಈ ರೀತಿಯನ್ನು ಮೆಚ್ಚತಕ್ಕದ್ದೇ.

ವಿದ್ಯಾವಂತರು ಇಲ್ಲಿ ಎಡವಿರುವ ಬಗೆಯು ಬೇರೆ. ಕೊಪ್ಪಳದ ಗವಿಮಠದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಅಶೋಕನ ಶಾಸನಗಳಿವೆ. ಮೌರ್ಯ ಶಬ್ದದ ಪ್ರಾಕೃತ ರೂಪವು ಮೋರಿಯ. ಆದ ಕಾರಣ ಮೋರ್ಯರೆಂದರೆ ಮೌರ್ಯರೇ ಎಂದು ಕೆಲವರು ಹೇಳಿಬಿಡುತ್ತಾರೆ. ಶಬ್ದಸಾಮ್ಯವೊಂದರಿಂದಲೇ ವಸ್ತುಸಾಮ್ಯವನ್ನು ಸಾಧಿಸಬಾರದೆಂಬುದು ಬಾಲಪಾಠ. ಇಂಥ ಕಲ್ಮನೆಗಳಲ್ಲಿ ಬಹುಭಾಗವು ಅಶೋಕನಿಗಿಂತ ಶತಮಾನಗಳಷ್ಟು ಹಿಂದಿನವು. ಕಥೆಯ ಕುಳ್ಳರಲ್ಲಿ ಪಾಟಲೀಪುತ್ರದ ಅಧಿಕಾರಿಗಳ ಛಾಯೆಯೂ ಕಾಣದು. ಕನ್ನಡ ನಾಡಿನ ಹಲವೆಡೆ ಇಂಥವನ್ನೇ ಮೋರ್ಯರ ಮನೆಯೆಂದೂ ಪಾಂಡವರ ಮನೆಯೆಂದೂ ಕರೆಯುತ್ತಾರೆ; ಪಾಂಡವರ ಮನೆಯೆಂಬುದರಿಂದ ಧರ್ಮರಾಯನ ಕಾಲವನ್ನು ನಿರ್ಣಯಿಸಲು ಹೊರಡದವರು ಮೋರ್ಯರ ಹೆಸರಿನಲ್ಲಿ ಮಾತ್ರ ಅಷ್ಟು ಆತುರಪಡುವುದೇಕೆ? ಹಳ್ಳಿಯವನ ಕಥೆಗಿಂತ ಇದು ಹೆಚ್ಚು ಶಾಸ್ತ್ರೀಯವೆಂದು ತೋರುವುದು ಇದರಲ್ಲಿ ಪ್ರಾಕೃತದ ಮಾತು ಬಂದಿರುವುದರಿಂದ ಮಾತ್ರ.

ಇದೇ ಬೆಟ್ಟದ ಮೇಲೆ ಅರ್ಧಗೋಳದಂಥ ಗುಂಡೊಂದು ಇನ್ನೊಂದು ಬಂಡೆಯ ಮೇಲೆ ಕುಳಿತಿದೆ. ಮರದ ಕೊಡತಿಯಿಂದ ಹೊಡೆದರೆ ನಗಾರಿಯಂತೆ ದನಿಗೊಡುತ್ತದೆ. ದನಿಯು ಬಹು ದೂರಕ್ಕೆ ಕೇಳಿಸುತ್ತದೆ. ದುಂದುಭಿಯೆಂದರೆ ಭೇರಿ, ಕಿಷ್ಕಿಂಧೆಯಲ್ಲಿ ಸತ್ತ ಅಸುರನ ಹೆಸರೂ ದುಂದುಭಿ, ಅವನ ರೂಪವು ಮಹಿಷ, ನಿಂಬಾಪುರದ ಬೂದಿಯು ದನದ ದೊಡ್ಡಿಯದು. ಕೈಪಿಡಿಯ ಲೇಖಕನಿಗೆ ಇದಕ್ಕಿಂತ ಸಿಹಿಯಾದ ಆಮಿಷವು ಬೇರೆಯಿಲ್ಲ. ಈ ನಾಲ್ಕನ್ನು ಹೊಸೆದರೆ ಹೊಸದೊಂದು ಮಾಹಾತ್ಮ್ಯವೇ ಆದೀತು. ಆದರೆ ದನದ ಬೂದಿಗೂ ಕಲ್ಲಿನ ನಗಾರಿಗೂ ನಡುವೆ ಶತಮಾನಗಳ ಅಂತರವಿದೆ, ಇವೆರಡನ್ನೂ ಅಸುರನ ಕಥೆಯೊಂದಿಗೆ ಕೂಡಿಸುವ ಸಾಕ್ಷ್ಯವೊಂದೂ ಇಲ್ಲ, ಉಳಿದದ್ದು ಕಾಕತಾಲೀಯ. ಅಂಜನಾದ್ರಿಯನ್ನಿಳಿದು ಇನ್ನೂ ಒಂದು ದಿನದ ಬಿಡುವುಳ್ಳ ಯಾತ್ರಿಕರು, ಬಿಸಿಲೇರುವ ಮೊದಲೇ, ಕುಡಿಯುವ ನೀರನ್ನು ಜತೆಯಲ್ಲಿಟ್ಟುಕೊಂಡು, ದಾರಿ ಬಲ್ಲ ಊರಿನವರೊಬ್ಬರನ್ನು ಕರೆದುಕೊಂಡು ಮೋರ್ಯರ ಗುಡ್ಡವನ್ನೂ ಹತ್ತಿ ನೋಡಬಹುದು. ನಗಾರಿಯನ್ನು ಕಲ್ಲಿನಿಂದ ಹೊಡೆಯತಕ್ಕದ್ದಲ್ಲ.